ಸೈಕಲ್ ಅಂಗಡಿಯಲ್ಲಿ ಬರೆದ ಬ್ರಿಗೇಡಿನ ಚರಿತ್ರೆ

ಟೋಕಿಯೋ ಪಕ್ಕದ ಗ್ಯೋಟೋಕು ಸ್ಟೇಷನ್ನಿನಿಂದ ನಮ್ಮ ಮನೆಗೆ ಬರುವ ದಾರಿಯಲ್ಲಿ ಒಂದು ಹಳೆಯ ಸೈಕಲ್ ಅಂಗಡಿ ಇದೆ. ಅದನ್ನು ನಡೆಸುತ್ತಿದ್ದ ಹಿರಿಯರಿಗೆ ಎಂಬತ್ತೆಂಟು ವರ್ಷ. ಈಗ ಅಂಗಡಿ ನೋಡಿಕೊಳ್ಳುವವನು ಮಗ. ಆದರೂ ಬೀದಿಯವರೆಲ್ಲ ಈ ಹಿರಿಯರನ್ನೇ ‘ಜಿತೆನ್ಶಾಯಾ-ಸಾನ್’, ಅಂದರೆ ಸೈಕಲ್ ಅಂಗಡಿಯವರು, ಎಂದು ಕರೆಯುತ್ತಾರೆ. ನಾನೂ ಹಾಗೇ ಕರೆಯುತ್ತಿದ್ದೆ.

ಒಂದು ಶನಿವಾರ ಬೆಳಿಗ್ಗೆ ಪಂಕ್ಚರ್ ಹಾಕಿಸಲು ಹೋದಾಗ ಅವರು ನನ್ನನ್ನು ಅಂಗಡಿಯ ಹಿಂದಿನ ಕೋಣೆಗೆ ಕರೆದರು. ಮೇಜಿನ ಮೇಲೆ ಬಟ್ಟೆಯಲ್ಲಿ ಕಟ್ಟಿದ್ದ ನಾಲ್ಕು ಹಳೆಯ ನೋಟುಪುಸ್ತಕಗಳಿದ್ದವು.

“ನೀವು ಕಂಪ್ಯೂಟರ್ ಕೆಲಸದವರಲ್ಲವೇ? ಇವು ನನ್ನ ತಂದೆ ಬರೆದದ್ದು. ಕೂಡಿಸಿ ಬರೆದ ಈ ಹಳೆಯ ಅಕ್ಷರ ಓದಬಲ್ಲವನು ಮನೆಯಲ್ಲಿ ನಾನೊಬ್ಬನೇ. ಕಣ್ಣು ಮಂಜಾಗುತ್ತಿದೆ. ಅಷ್ಟರೊಳಗೆ ಒಂದು ಪುಸ್ತಕ ಮಾಡಬೇಕು.”

ನನಗೆ ಇಲ್ಲವೆನ್ನಲು ಆಗಲಿಲ್ಲ. ಮೈಸೂರಿನಿಂದ ಬಂದ ಮೊದಲ ಚಳಿಗಾಲದಲ್ಲಿ ನನಗೆ ಸೈಕಲ್ ಹೊಡೆಯಲು ಕಲಿಸಿದವರು ಅವರೇ. ಮೂವತ್ನಾಲ್ಕು ವರ್ಷದ ಹೆಂಗಸು ಬೀಳುತ್ತೇಳುತ್ತ ಕಲಿಯುವುದನ್ನು ನೋಡಿ ಅವರು ಒಮ್ಮೆಯೂ ನಕ್ಕಿರಲಿಲ್ಲ.

ಹೀಗೆ ನಮ್ಮ ಶನಿವಾರಗಳು ಶುರುವಾದವು. ಅವರು ಭೂತಗನ್ನಡಿ ಹಿಡಿದು ಗಟ್ಟಿಯಾಗಿ ಓದುವರು. ನನ್ನ ಲ್ಯಾಪ್‌ಟಾಪ್ ಅದನ್ನು ಕೇಳಿಸಿಕೊಂಡು ಅಕ್ಷರಕ್ಕಿಳಿಸುವುದು. ತಪ್ಪಿದಲ್ಲಿ ಅವರು ಹೇಳಿದಂತೆ ನಾನು ತಿದ್ದುವೆ. ನನ್ನ ಜಪಾನೀ ಭಾಷೆ ಆಫೀಸಿನದು. ಕೆಲಸ ತಡವಾಗುತ್ತದೆಂದು ಹೇಳಿ ಕ್ಷಮೆ ಕೇಳುವ ಹತ್ತು ಬಗೆ ನನಗೆ ಗೊತ್ತು, ಹಳೆಯ ಕಾಲದ ಮಾತು ಅರ್ಧ ತಿಳಿದರೆ ಹೆಚ್ಚು. ನೋಟುಪುಸ್ತಕದ ಮೇಲಿನ ಶೀರ್ಷಿಕೆಯಲ್ಲಿ ನನಗೆ ಗುರುತು ಸಿಕ್ಕ ಅಕ್ಷರಗಳು ಮೂರು: ನಡೆಯುವುದು, ಪ್ರಯಾಣ, ಗುಂಪು. ಸರಿ, ಇವರ ತಂದೆ ಯಾವುದೋ ಕಾಲ್ನಡಿಗೆಯ ಪ್ರವಾಸಿ ಸಂಘದಲ್ಲಿದ್ದರು ಅಂದುಕೊಂಡೆ.

ಓದಿದ್ದೆಲ್ಲ ಅದಕ್ಕೆ ಹೊಂದುತ್ತಲೂ ಇತ್ತು. ಶರತ್ಕಾಲದಲ್ಲಿ ಊರಿನ ಗಂಡಸರೆಲ್ಲ ಸೇರುತ್ತಾರೆ. ಕ್ಷೌರಿಕ, ತೋಫು ಮಾಡುವವನು, ಕಡಲಪಾಚಿ ಬೆಳೆಯುವವರು, ಉಪ್ಪಿನ ಕೆಲಸದವರು. ನದಿಯ ದಂಡೆಯ ಮೇಲೆ ಮೂರು ದಿನ ನಡೆಯುತ್ತಾರೆ. ದೇವಾಲಯದ ಜಗಲಿಯಲ್ಲಿ ಮಲಗುತ್ತಾರೆ. ರೈತರು ಸುಟ್ಟ ಗೆಣಸು ಕೊಡುತ್ತಾರೆ. ತಂದೆ ಮರದ ಚಪ್ಪಲಿ ಮಾಡುವವರಾದ್ದರಿಂದ ಎಲ್ಲರ ಪಾದದ ಗುಳ್ಳೆಗಳನ್ನು ನೋಡಿ, ಯಾರ ಬೂಟು ಯಾರಿಗೆ ಸರಿಹೋಗುತ್ತದೆಂದು ಅದಲುಬದಲು ಮಾಡಿಸುತ್ತಾರೆ. ಒಂದು ಇಡೀ ಪುಟ ತೋಫು ಮಾಡುವವನ ಗೊರಕೆಯ ಬಗ್ಗೆ ಇತ್ತು.

ಮನೆಯಲ್ಲಿ ನನ್ನ ಗಂಡ ರೇಗಿಸುತ್ತಿದ್ದರು. “ಏನೇ, ಇವತ್ತು ಆ ಟೂರ್ ಗ್ರೂಪ್ ಎಲ್ಲಿಗೆ ಹೋಗಿತ್ತು?”

“ನಗ್ಬೇಡ್ರೀ. ಎಷ್ಟು ಸ್ವೀಟ್ ಜನ ಗೊತ್ತಾ? ನಮ್ಮ ಆಫೀಸ್ ಔಟಿಂಗ್‌ಗಿಂತ ಸಾವಿರ ಪಾಲು ಬೆಟರ್.”

ನಾಲ್ಕನೆಯ ಶನಿವಾರ ನಾನು ಜಿತೆನ್ಶಾಯಾ-ಸಾನ್ ಅವರನ್ನು ಕೇಳಿಯೇಬಿಟ್ಟೆ. “ನಿಮ್ಮ ತಂದೆಯ ಪ್ರವಾಸಿ ಸಂಘ ಕ್ಯೋಟೋಗೂ ಹೋಗಿತ್ತಾ?”

ಅವರು ಭೂತಗನ್ನಡಿ ಕೆಳಗಿಟ್ಟು ನನ್ನ ಮುಖ ನೋಡಿದರು. ಆಮೇಲೆ ಕೊನೆಯ ನೋಟುಪುಸ್ತಕದಿಂದ ಒಂದು ಗುಂಪು ಫೋಟೋ ತೆಗೆದು ನನ್ನ ಮುಂದಿಟ್ಟರು. ಐವತ್ತು ಅರವತ್ತು ಗಂಡಸರು, ಎಲ್ಲರೂ ಸಮವಸ್ತ್ರದಲ್ಲಿ, ಮುಂದಿನ ಸಾಲಿನವರ ಕೈಯಲ್ಲಿ ಬಂದೂಕು.

“ಪ್ರಯಾಣ, ಗುಂಪು ಎರಡೂ ಅಕ್ಷರ ಸೇರಿದರೆ ಸೈನ್ಯದ ಮಾತಿನಲ್ಲಿ ಬ್ರಿಗೇಡು. ನಡೆಯುವ ಸೈನಿಕರ ದಳ. ಕಾಲಾಳು ಬ್ರಿಗೇಡು,” ಎಂದರು ನಿಧಾನವಾಗಿ. “ಮೀಸಲು ಬ್ರಿಗೇಡು. ಸೈನ್ಯದಲ್ಲಿ ಸೇವೆ ಮುಗಿಸಿ ಮನೆಗೆ ಬಂದವರದು. ಮತ್ತೆ ಯುದ್ಧ ಬಂದರೆ ಬೇಕಾದೀತೆಂದು ಅವರ ಪಟ್ಟಿ ಇಟ್ಟುಕೊಂಡು, ಆಗಾಗ ತರಬೇತಿಗೆ ಕರೆಯುತ್ತಿದ್ದರು. ಎರಡು ಮಹಾಯುದ್ಧಗಳ ನಡುವೆ ಅದು ಬಹುಪಾಲು ಕಪಾಟಿನೊಳಗಿನ ಕಾಗದವಾಗಿಯೇ ಇತ್ತು.”

ನನಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. “ಸುಮಿಮಾಸೆನ್, ಸುಮಿಮಾಸೆನ್,” ಎಂದು ಕ್ಷಮೆ ಕೇಳುತ್ತ ತಲೆ ಬಗ್ಗಿಸಿದೆ. ತಲೆ ಎತ್ತಿದಾಗ ಅವರು ನಗುತ್ತಿದ್ದರು. ಭುಜ ಕುಲುಕಿಸಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮುಂಭಾಗದ ಅಂಗಡಿಯಿಂದ ಮಗ ಗಾಬರಿಯಾಗಿ ಇಣುಕಿದ.

“ಪ್ರವಾಸಿ ಸಂಘ! ಅಪ್ಪ ಕೇಳಿದ್ದರೆ ಎಷ್ಟು ಖುಷಿಪಡುತ್ತಿದ್ದರು!”

ಆಮೇಲೆ ನಾನು ಅದೇ ಪುಟಗಳನ್ನು ಬೇರೆ ಕಣ್ಣಿನಿಂದ ಓದಿದೆ. ಅವು ಬದಲಾಗಿರಲಿಲ್ಲ. ಗೊರಕೆ ಗೊರಕೆಯೇ, ಗೆಣಸು ಗೆಣಸೇ. ಆದರೆ ಆ ಜನರ ಮುಂದೆ ಏನು ಕಾದಿತ್ತೆಂದು ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಅದರಿಂದಾಗಿ ಅವರು ನನಗೆ ಇನ್ನಷ್ಟು ಹತ್ತಿರದವರಾದರು. ಜೊತೆಗೆ ಒಂದು ಭಯವೂ ಬಂತು.

ಕೊನೆಯ ನೋಟುಪುಸ್ತಕ ಮುಗಿಯುವುದು ಒಂದು ಸಾಧಾರಣ ಹಾಜರಿಯ ದಿನದಲ್ಲಿ. ಶಾಲೆಯ ಮೈದಾನದಲ್ಲಿ ಎಲ್ಲರೂ ಸಾಲಾಗಿ ನಿಂತರು, ಮಳೆ ಬಂತು, ಬೇಗ ಬಿಟ್ಟರು. ಅಷ್ಟೇ.

“ಮುಂದೆ?” ಎಂದು ಕೇಳಿದೆ.

“ಮುಂದೆ ಈ ಪಟ್ಟಿಯಲ್ಲಿದ್ದವರನ್ನು ಚೀನಾಕ್ಕೆ ಕಳಿಸಿದರು. ಅಪ್ಪನೂ ಹೋಗಿ ಬಂದರು. ಅಲ್ಲಿ ಏನು ನೋಡಿದರು, ಏನು ಮಾಡಿದರು, ಮನೆಯಲ್ಲಿ ಯಾವತ್ತೂ ಬಾಯಿಬಿಡಲಿಲ್ಲ.” ನೋಟುಪುಸ್ತಕ ಮುಚ್ಚಿ ಹೇಳಿದರು, “ಕೊನೆಯ ಸಾಲು ನಾನು ಹೇಳುತ್ತೇನೆ, ಹಾಗೇ ಹಾಕಿ: ‘ಆನಂತರದ್ದನ್ನು ತಂದೆ ಬರೆಯಲಿಲ್ಲ. ನಾನೂ ಕೇಳಲಿಲ್ಲ. ಕೇಳಬೇಕಾಗಿತ್ತು.’”

ಮಗನಿಗೆ ಆ ಸಾಲು ಬೇಡವಾಗಿತ್ತು. “ಅಪ್ಪಾ, ಊರಿನವರು ಓದುವ ಪುಸ್ತಕ ಇದು,” ಎಂದ. ಮುದುಕರು ಒಪ್ಪಲಿಲ್ಲ. “ಅದಿಲ್ಲದಿದ್ದರೆ ಇದು ನಿಜವಾಗಿಯೂ ಪ್ರವಾಸದ ಪುಸ್ತಕವಾಗಿಬಿಡುತ್ತದೆ,” ಎಂದರು. ಸಾಲು ಉಳಿಯಿತು.

ಕೊಂಬಿನಿಯ, ಅಂದರೆ ಹಗಲಿರುಳು ತೆರೆದಿರುವ ಅಂಗಡಿಯ, ಮುದ್ರಣ ಯಂತ್ರದಲ್ಲಿ ನಾವು ಮೂವತ್ತು ಪ್ರತಿ ಮುದ್ರಿಸಿ, ಪಿನ್ನು ಹೊಡೆದು ಪುಸ್ತಕ ಮಾಡಿದೆವು. ಒಂದು ಭಾನುವಾರ ಮಧ್ಯಾಹ್ನ ಬಡಾವಣೆಯ ಸಮುದಾಯ ಭವನದಲ್ಲಿ ಜಿತೆನ್ಶಾಯಾ-ಸಾನ್ ಅದರಿಂದ ಓದಿದರು. ಹದಿನೈದು ಜನ ಬಂದಿದ್ದರು. ಗೊರಕೆಯ ಪುಟಕ್ಕೆ ಎಲ್ಲರೂ ನಕ್ಕರು, ಕೊನೆಯ ಸಾಲಿಗೆ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ನಾನು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಆ ಗುಂಪು ಫೋಟೋವನ್ನು ದೊಡ್ಡದಾಗಿ ತೋರಿಸಿದ್ದೆ.

ಎಲ್ಲರೂ ಏಳುವಾಗ, ಕೋಲು ಹಿಡಿದ ಒಬ್ಬ ಅಜ್ಜಿ ಗೋಡೆಯ ಹತ್ತಿರ ಹೋಗಿ ನಿಂತರು. ಬಹಳ ಹೊತ್ತು ಅಲ್ಲೇ ನಿಂತದ್ದನ್ನು ಕಂಡು ಕುರ್ಚಿ ತೆಗೆದುಕೊಂಡು ಹೋದೆ.

“ಎರಡನೆಯ ಸಾಲಿನ ಈ ಮನುಷ್ಯ ಯಾರು? ಎಡಗಡೆಯಿಂದ ಮೂರನೆಯವನು?”

ಜಿತೆನ್ಶಾಯಾ-ಸಾನ್ ಫೋಟೋದ ಹಿಂದೆ ತಂದೆ ಬರೆದಿಟ್ಟ ಹೆಸರುಗಳನ್ನು ಒಂದೊಂದಾಗಿ ಓದಿದರು. ಎರಡನೆಯ ಸಾಲಿನ ಮೂರನೆಯ ಹೆಸರು ಬಂದಾಗ ಅಜ್ಜಿ ಕುರ್ಚಿಯಲ್ಲಿ ಕುಳಿತುಬಿಟ್ಟರು. ಅದು ಅವರ ತಂದೆಯ ಹೆಸರು, ಕಡಲಪಾಚಿ ಬೆಳೆಯುತ್ತಿದ್ದವರು. ಅಜ್ಜಿ ತಾಯಿಯ ಹೊಟ್ಟೆಯಲ್ಲಿದ್ದಾಗ ಯುದ್ಧಕ್ಕೆ ಹೋದವರು ಹಿಂತಿರುಗಲಿಲ್ಲ. ಮನೆಯಲ್ಲಿದ್ದ ಫೋಟೋಗಳು ಬಾಂಬು ದಾಳಿಯ ಬೆಂಕಿಯಲ್ಲಿ ಹೋದವು. ಎಂಬತ್ತು ದಾಟಿದ ಆ ಹೆಂಗಸು ತಂದೆಯ ಮುಖ ನೋಡಿದ್ದು ಅಂದೇ ಮೊದಲು.

“ಹೇಗೆ ಗುರುತು ಸಿಕ್ಕಿತು?” ಎಂದು ನಾನು ಕೇಳಿದೆ.

“ನನ್ನ ಮೊಮ್ಮಗ ಹೀಗೇ ಇದ್ದಾನೆ. ಅವನೂ ಫೋಟೋ ತೆಗೆಯುವಾಗ ನೆಟ್ಟಗೆ ನಿಲ್ಲುವುದಿಲ್ಲ,” ಎಂದು ಗೋಡೆಯ ಮೇಲಿನ ಮುಖಕ್ಕೆ ಬೆರಳು ತಾಗಿಸಿದರು. “ಎಷ್ಟು ಚಿಕ್ಕವರು ನೋಡಿ. ಇಷ್ಟು ಚಿಕ್ಕವರೆಂದು ನಾನು ಯಾವತ್ತೂ ಅಂದುಕೊಂಡಿರಲಿಲ್ಲ.”

ನಾನು ಪಕ್ಕದ ಕೊಂಬಿನಿಗೆ ಹೋಗಿ ಆ ಒಂದು ಮುಖವನ್ನು ದೊಡ್ಡದು ಮಾಡಿ ಪ್ರಿಂಟ್ ತೆಗೆದುಕೊಟ್ಟೆ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡು, “ಅರಿಗಾತೋ” ಎಂದು ಧನ್ಯವಾದವನ್ನಷ್ಟೇ ಹೇಳಿದರು. ಜಿತೆನ್ಶಾಯಾ-ಸಾನ್ ಅಜ್ಜಿಯ ಕೈಹಿಡಿದು ಮೆಟ್ಟಿಲು ಇಳಿಸಿ, ಮನೆಯವರೆಗೂ ಜೊತೆಗೆ ನಡೆದು ಹೋದರು.

ಮುಂದಿನ ಶನಿವಾರ ಅವರು ನನಗೆ ಹೇಳಿ ಕಳಿಸಿದರು. ಫೋಟೋದ ಕೆಳಗೆ ಒಂದು ಸಾಲು ಸೇರಿಸಿ ಪುಸ್ತಕವನ್ನು ಮತ್ತೆ ಮುದ್ರಿಸಬೇಕಂತೆ. ಅವರು ಹೇಳುತ್ತ ಹೋದರು, ನಾನು ಟೈಪ್ ಮಾಡಿದೆ: ‘ಎರಡನೆಯ ಸಾಲು, ಎಡದಿಂದ ಮೂರನೆಯವರು: ಕಡಲಪಾಚಿ ಬೆಳೆಯುತ್ತಿದ್ದವರು, ಒಬ್ಬ ಮಗಳ ತಂದೆ.’