ಬಸಲಿಂಗಯ್ಯನವರ ಒತ್ತು

ಧಾರವಾಡ ಕಡೆಯ ಬಸಲಿಂಗಯ್ಯನವರು ಕೊಲ್ಲಿ ನಾಡಿನ ತೈಲ ಬಂದರು ಮೀನಾ ಅಲ್ ಅಹ್ಮದಿಯಲ್ಲಿ ಒಂದು ಗುತ್ತಿಗೆ ಕಂಪನಿಯ ಪಂಪ್ ಮೆಕ್ಯಾನಿಕ್. ಅವರ ಇಂಗ್ಲಿಷಿನ ವ್ಯಾಕರಣಕ್ಕೆ ಯಾರೂ ತಪ್ಪು ಹುಡುಕುವಂತಿರಲಿಲ್ಲ. ಆದರೆ ಚಹಾ ಬಂತು ಅನ್ನುವುದನ್ನೂ ಬೆಂಕಿ ಬಿತ್ತು ಅನ್ನುವುದನ್ನೂ ಒಂದೇ ದನಿಯಲ್ಲಿ ಹೇಳುತ್ತಿದ್ದರು. 2004ರಲ್ಲಿ ಒಮ್ಮೆ ವೈರ್‌ಲೆಸ್ಸಿನಲ್ಲಿ "ಪಂಪ್ ಈಸ್ ಲೀಕಿಂಗ್" ಎಂದರು. ಕಂಟ್ರೋಲ್ ರೂಮಿನವರು "ಥ್ಯಾಂಕ್ಯೂ" ಎಂದು ಊಟಕ್ಕೆ ಹೋದರು.

ಅದಾದ ಮೇಲೆ ಬಸಲಿಂಗಯ್ಯನವರು ಹವಲ್ಲಿ ಬಡಾವಣೆಯಲ್ಲಿ ಮಂಗಳೂರಿನ ಲ್ಯಾನ್ಸಿ ನಡೆಸುತ್ತಿದ್ದ ಶುಕ್ರವಾರದ ಇಂಗ್ಲಿಷ್ ಕ್ಲಾಸಿಗೆ ಸೇರಿದರು.

"ಕನ್ನಡದಲ್ಲಿ ನಮಗೆ ಸುಖ ಉಂಟು, 'ನಾನೇ' ಅಂದ್ರೆ ಆಯ್ತು," ಎಂದರು ಲ್ಯಾನ್ಸಿ. "ಇಂಗ್ಲಿಷಿಗೆ ಆ 'ಏ' ಇಲ್ಲ ಮಾರಾಯ್ರೆ. ಯಾವ ಶಬ್ದ ಮುಖ್ಯವೋ ಅದರ ಮೇಲೆ ಸ್ವರ ಎತ್ತಬೇಕು."

ರಿಗ್ಗೈ ಬಡಾವಣೆಯ ಮನೆಯಲ್ಲಿ ಬಸಲಿಂಗಯ್ಯನವರ ಅಭ್ಯಾಸ ಶುರುವಾಯಿತು. "ಐ! ವಾಂಟ್ ಟೀ," ಎಂದು ಗುಡುಗಿದರು.

ಹೆಂಡತಿ ಮಂಗಳಾ ಅಡುಗೆಮನೆಯಿಂದ ಇಣುಕಿದಳು. "ಮತ್ತ ಬ್ಯಾರೆ ಯಾರ ಕೇಳ್ಯಾರ್ರೀ ಇಲ್ಲೆ?"

ಆ ವರ್ಷವೇ ಅವರ ಬ್ರಿಟಿಷ್ ಮ್ಯಾನೇಜರನ ಬೀಳ್ಕೊಡುಗೆ. ಅವನನ್ನು ಕ್ಯಾಂಟೀನಿನಲ್ಲಿ ದಿನವೂ ಬೆನ್ನ ಹಿಂದೆ ಅಣಕಿಸುತ್ತಿದ್ದ ಎಂಜಿನಿಯರ್ ಶ್ರೀಕಾಂತ ಅಂದು ಮುಂದಿನ ಸಾಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ. ಬಸಲಿಂಗಯ್ಯನವರು ಮೈಕ್ ಹಿಡಿದರು. ನೀವು ಕೆಟ್ಟ ಮ್ಯಾನೇಜರ್ ಎಂದು ನಾನು ಎಂದೂ ಅಂದಿಲ್ಲ ಎನ್ನುವುದು ಅವರ ಮಾತು. ಒತ್ತು ಬೀಳಬೇಕಾದದ್ದು 'ಎಂದೂ' ಅನ್ನುವ 'ನೆವರ್' ಮೇಲೆ. ಗಾಬರಿಯಲ್ಲಿ ಅದು ಮೊದಲ ಶಬ್ದದ ಮೇಲೇ ಬಿತ್ತು.

"ಐ! ನೆವರ್ ಸೆಡ್ ಯು ವರ್ ಎ ಬ್ಯಾಡ್ ಮ್ಯಾನೇಜರ್."

ನಾನಂತೂ ಅಂದಿಲ್ಲ, ಅಂದವರು ಬೇರೆ! ಮ್ಯಾನೇಜರ್ ಮುಂದಿನ ಸಾಲನ್ನು ದಿಟ್ಟಿಸಿದ. ಶ್ರೀಕಾಂತನ ಕೈಯ ಸಮೋಸ ಜಾರಿತು.

ತಪ್ಪು ತಿದ್ದಲು ಬಸಲಿಂಗಯ್ಯನವರು ಒತ್ತನ್ನು 'ಯು' ಮೇಲೆ ಹಾಕಿದರು. ಕೆಟ್ಟವನು ನೀನಲ್ಲ, ಇನ್ನೊಬ್ಬ ಎಂದಾಯಿತು. ಪಕ್ಕದಲ್ಲಿ ಕೂತಿದ್ದ ಹೊಸ ಮ್ಯಾನೇಜರನ ನಗು ಮಾಯವಾಯಿತು. ಬೆವರೊರೆಸಿಕೊಂಡು ಮೂರನೆಯ ಸಲ 'ಸೆಡ್' ಮೇಲೆ ಹಾಕಿದರು. ಬಾಯಿಬಿಟ್ಟು ಅಂದಿಲ್ಲ, ಮನಸ್ಸಿನಲ್ಲಿ ಅಂದುಕೊಂಡದ್ದು ನಿಜ!

ಸಭೆಯವರೆಲ್ಲ ತಮ್ಮ ತಮ್ಮ ತಟ್ಟೆ ನೋಡತೊಡಗಿದರು. ಹಳೆಯ ಮ್ಯಾನೇಜರ್ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕ. ಎದ್ದು ಬಂದು ಅವರ ಕೈ ಕುಲುಕಿ, ಈ ಕಂಪನಿಯಲ್ಲಿ ತಾನು ಕೇಳಿದ ಪ್ರಾಮಾಣಿಕ ಭಾಷಣ ಇದೊಂದೇ ಎಂದ.

ಶ್ರೀಕಾಂತ ಕೆಲವು ದಿನ ಬಸಲಿಂಗಯ್ಯನವರೊಂದಿಗೆ ಮಾತು ಬಿಟ್ಟ. ಲ್ಯಾನ್ಸಿ ಸುದ್ದಿ ಕೇಳಿ, "ಭಾವನೆ ಭರ್ತಿ ಬಂದಿದೆ, ಜಾಗ ಒಂದು ತಪ್ಪಿತು," ಎಂದರು. ಆಮೇಲೆ ಕಂಪನಿಯಲ್ಲಿ ಯಾರೇ ರಾಜೀನಾಮೆ ಕೊಡಲಿ, ಬೀಳ್ಕೊಡುಗೆಯ ದಿನ ಗೊತ್ತು ಮಾಡುವ ಮುನ್ನ ಬಸಲಿಂಗಯ್ಯನವರಿಗೆ ಆ ಹೊತ್ತಿಗೆ ಶಿಫ್ಟ್ ಇದೆ ತಾನೇ ಎಂದು ವಿಚಾರಿಸುತ್ತಿದ್ದರು.