ಸೂಜಿ ಪೋಣಿಸುವಷ್ಟು ಹೊತ್ತು

ವಿಡಿಯೊದಲ್ಲಿ ಹೊಲಿಗೆ ಕಲಿಸುವ ಅಕ್ಕನಿಗೆ ಮೊಬೈಲೇ ಮನೆಗೆ ಬಂದ ನೆಂಟ. ಅದನ್ನು ಗುಂಡಿಗಳ ಡಬ್ಬಕ್ಕೆ ಒರಗಿಸಿ, ಹಿಂದೆ ಒಂದು ಖಾಲಿ ಕುರ್ಚಿಯನ್ನೂ ಎಳೆದಿಟ್ಟು, "ಬಂದ್ರಾ? ಕೂತ್ಕೊಳ್ಳಿ" ಎನ್ನದೆ ಅವಳ ಬಾಯಿಂದ ಮುಂದಿನ ಮಾತೇ ಹೊರಡದು. ನಡುವೆ ಕುಕ್ಕರ್ ಕೂಗಿತೋ, "ನಮ್ಮನೇದೋ ನಿಮ್ಮನೇದೋ, ಸ್ವಲ್ಪ ನೋಡ್ಕೊಂಡು ಬನ್ನಿ" ಎಂದು ಲಕ್ಷ ಜನರನ್ನು ಒಟ್ಟಿಗೇ ಅಡುಗೆಮನೆಗೆ ಓಡಿಸುತ್ತಾಳೆ. ಅಂಗಿಯ ತೋಳು ಅದಲುಬದಲಾದರೆ ಆ ಎಡವಟ್ಟನ್ನೂ ಹಾಗೇ ತೋರಿಸಿ, "ಬೈಬೇಡಿ" ಎಂದು ನಾಲಿಗೆ ಕಚ್ಚಿಕೊಳ್ಳುತ್ತಾಳೆ. ವಿಡಿಯೊ ಕತ್ತರಿಸಿ ಜೋಡಿಸುವ ಗಂಡನಿಗೆ ಇದೆಲ್ಲ ಒಗ್ಗಿಹೋಗಿದೆ. ಒಗ್ಗದಿರುವುದು ಒಂದೇ: "ಸೂಜಿಗೆ ದಾರ ಹಾಕ್ಕೊಳ್ಳಿ, ನಾನು ಕಾಯ್ತೀನಿ" ಎಂದವಳು ಪೂರ್ತಿ ಒಂದು ನಿಮಿಷ ಕೈಕಟ್ಟಿ ಸುಮ್ಮನೆ ಕೂರುವುದು. "ಜನ ಬೇಜಾರಾಗಿ ಎದ್ದು ಹೋಗ್ತಾರೆ ಕಣೇ, ಇದನ್ನ ತೆಗೆದುಬಿಡ್ತೀನಿ" ಎಂದರೆ, "ಮುಟ್ಟಿದ್ರೆ ನೋಡಿ ಮತ್ತೆ!" ಎಂದು ಗದರುತ್ತಾಳೆ. ತನ್ನ ನಡುಗುವ ಕೈ ದಾರ ಪೋಣಿಸುವಷ್ಟರಲ್ಲಿ ಪಾಠವೇ ಮುಂದೆ ಹೋಗಿರುತ್ತದೆ ಎಂದು ಅಜ್ಜಿಯೊಬ್ಬರು ಹಿಂದೊಮ್ಮೆ ಕಾಮೆಂಟಿನಲ್ಲಿ ಬರೆದಿದ್ದರು. ಆ ನಿಮಿಷ ಅವರದು. ಮೊನ್ನೆ ಕಾಮೆಂಟು ಓದುತ್ತಿದ್ದ ಗಂಡ ಮೊಬೈಲನ್ನು ಅವಳ ಕೈಗಿಟ್ಟ. ಅಜ್ಜಿ ಬರೆದಿದ್ದರು: "ಇವತ್ತು ನಂದು ಬೇಗ ಆಯ್ತು ಮಗಳೇ. ಆಮೇಲೆ ನಿಂಗೋಸ್ಕರ ನಾನು ಕಾದೆ."