ರೊಟ್ಟಿ ಗುಂಡವ್ವನ ಒಸಡು

ಝಳಕಿಯ ಆ ಓಣಿಯಲ್ಲಿ ಬೆಳಗಾಗುವುದೇ ಗುಂಡವ್ವ ರೊಟ್ಟಿ ಬಡಿಯುವ ಸಪ್ಪಳದಿಂದ. ಢಾಬಾಗಳಿಗೆಲ್ಲ ಗರಿಗರಿಯಾದ ಕಟಕ ರೊಟ್ಟಿ ಕೊಡುವ ಆಕೆ, ತಂಬಾಕು ಸುಟ್ಟು ಪುಡಿಮಾಡಿದ ಮಿಸ್ರಿಯನ್ನು ಒಸಡಿಗೆ ತಿಕ್ಕದೆ ಹಿಟ್ಟು ಮುಟ್ಟುವವಳಲ್ಲ. ರಕ್ತ ಬಂದರೆ, "ಕೆಟ್ಟ ರಕ್ತ ಹೊಂಟೈತಿ, ಹೋಗ್ಲಿ ಬಿಡು" ಎನ್ನುವಳು. ಇಂಡಿ ಪಟ್ಟಣದ ಡಾಕ್ಟರ ಬಳಿ ಹಲ್ಲು ಸ್ವಚ್ಛ ಮಾಡಿಸಿ ಎಂದರೆ, "ಯವ್ವಾ, ಆ ಮಷಿನ್ ಹಚ್ಚಿದ್ರ ಇದ್ದ ಹಲ್ಲೂ ಅಲಗಾಡ್ತಾವ" ಎಂದು ಸೊಸೆ ಸಾಕ್ಷಿಯ ಬಾಯಿ ಮುಚ್ಚಿಸುವಳು. ಅಂಥ ಗುಂಡವ್ವ ಗೋಡೆಗೆ ಮುಖಮಾಡಿ ಕೂತು, ತನ್ನದೇ ರೊಟ್ಟಿಯನ್ನು ಹಾಲಿನಲ್ಲಿ ಮೆತ್ತಗಾಗಿಸಿ ನುಂಗುವುದನ್ನು ಮೊನ್ನೆ ಸಾಕ್ಷಿ ಕಂಡಳು. "ಹಲ್ಲು ಸಡ್ಲ ಮಾಡೂದು ಮಷಿನ್ ಅಲ್ರಿ ಅತ್ತಿ, ಒಸಡಿನಾಗ ಕಲ್ಲಿನಂಗ ಗಟ್ಟಿಯಾಗಿ ಕುಂತ ಕಿಟ್ಟ" ಎಂದಳು ಮೆಲ್ಲಗೆ. ಗುಂಡವ್ವ ಹಾಲಿನ ಬಟ್ಟಲು ಬದಿಗಿಟ್ಟು, ಸೆರಗು ಹೊದ್ದು, "ಆ ಡಾಕ್ಟರ ಒಂದ ಹಲ್ಲರೆ ಅಲಗಾಡಿಸಿದ್ನಂದ್ರ ಅವನ್ನ ನಾ…" ಎನ್ನುತ್ತಲೇ ಇಂಡಿ ಬಸ್ಸಿನ ಕಡೆ ನಡೆದಳು.